ಬಳಪದ ನೆಲದ ಹುಳು ಮಲಗಿದ್ದ ಬೇಸಿಗೆ

ಮೊನ್ನೆ ನಮ್ಮ ನರ್ಸರಿಗೆ ಒಂದು ಟಿಪ್ಪರ್ ಕೆರೆ ಗೋಡು, ಅಂದರೆ ಕೆರೆ ತಳದ ಹೂಳು, ತರಿಸಿದೆ. ಎಡಗಡೆ ಸುರಿಯಪ್ಪ ಅಂದರೆ ಆ ಡ್ರೈವರ್ ಬಲಗಡೆ ಸುರಿದು, ಹೊಸದಾಗಿ ಜೋಡಿಸಿದ್ದ ನುಗ್ಗೆ ಸಸಿಗಳನ್ನೆಲ್ಲ ಮುಚ್ಚಿಹಾಕಿ, ಮಣ್ಣೇ ತಾನೇ ಅಕ್ಕ, ಗಿಡಕ್ಕೆ ಒಳ್ಳೇದು ಬಿಡಿ ಎಂದು ಹೇಳಿ ಗಾಡಿ ತಿರುಗಿಸಿಕೊಂಡು ಹೋದ. ಬೈಯುವುದಕ್ಕೂ ಕೈಗೆ ಸಿಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿಯನ್ನು ಬಿಡಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಒಣಗಿದ ಕೆರೆಯ ತಳದ ವಾಸನೆ. ಕೊಳೆತ ಜೊಂಡು, ಮೀನಿನ ನೀಸು, ತುಕ್ಕು ಎಲ್ಲ ಸೇರಿದ್ದು. ಬೇರೆಯವರಿಗೆ ಅದರಿಂದ ಗದ್ದೆಯ ನೆನಪು, ಫಸಲಿನ ನೆನಪು ಬರಬಹುದು. ನನಗೆ ತಲೆ ಬಿಸಿಯಾಗುತ್ತದೆ. ಒಳ್ಳೆಯದು ಮಾಡುತ್ತೇವೆ ಎಂದು ಹಟ ಹಿಡಿದು ನಿಂತ ಜನರ ಜೊತೆ ನಾನು ಏಗಿದ ಒಂದು ಬೇಸಿಗೆ ಪೂರ್ತಿ ಆ ವಾಸನೆಯೊಳಗಿದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಗ ಎಲ್ಲೆಲ್ಲೂ ಎರೆಗೊಬ್ಬರದ್ದೇ ಮಾತು. ನಾನು ಅರಸೀಕೆರೆ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ತೆಂಗಿನ ಸಸಿ ಮಾರಿ ಮೇಲೆ ಬಂದವಳು. ಜನ ಯಾವುದರ ಹಿಂದೆ ಓಡುತ್ತಾರೆ ಎಂದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹಳೇಬೀಡಿನ ರಸ್ತೆಯಲ್ಲಿ ನರ್ಸರಿ ಮಾಡಿ, ಅದರ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿ, ವಿದೇಶದ ಕೆಂಪು ಎರೆಹುಳು ಸಾಕಿದ್ದೆ. ಬಿಕ್ಕೋಡಿನ ಕಾಫಿ ಎಸ್ಟೇಟಿನವರು ಜೀಪಿನಲ್ಲಿ ಬಂದು ಕೊಂಡುಹೋಗುತ್ತಿದ್ದರು. ನೀವೂ ಇಂಥದ್ದೇನಾದರೂ ಶುರು ಮಾಡುವುದಾದರೆ ಒಂದು ಮಾತು ಕೇಳಿ: ಗೊಬ್ಬರ ಮಾರಬೇಡಿ, ಹುಳು ಮಾರಿ. ಗೊಬ್ಬರ ಚೆನ್ನಾಗಿಲ್ಲ ಎಂದು ಜನ ವಾಪಸ್ ತರುತ್ತಾರೆ. ಹುಳು ಸತ್ತರೆ ತಮ್ಮದೇ ತಪ್ಪು ಎಂದುಕೊಂಡು ಇನ್ನೊಂದಷ್ಟು ಒಯ್ಯುತ್ತಾರೆ.

ಗೌತಮಿ ನನ್ನಲ್ಲಿಗೆ ಬಂದದ್ದು ಹುಳು ಕೇಳಿಕೊಂಡೇ. ತೆಳ್ಳನೆಯ ಹುಡುಗಿ, ಹೆಗಲಿಗೆ ಒಂದು ಚೀಲ, ತಲೆಗೆ ಗಂಡಸರು ಹಾಕುವಂಥ ಟೋಪಿ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನವಳು. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿ ಮೇಸ್ತ್ರಿ ಆದವರು. ಬೌದ್ಧರ ಮನೆ, ಅವರ ಮನೆಯ ಮಕ್ಕಳೆಲ್ಲ ಓದಿನಲ್ಲಿ ಗಟ್ಟಿ. ಇವಳು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹುಳು ತಾನೇ ಬೇಕು, ಬಾ ಎಂದು ತೊಟ್ಟಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ನೋಡಿ, ಇದಲ್ಲ ಅಕ್ಕ ಎಂದಳು. ಹಳೇಬೀಡಿನ ಆಚೆ ಪುಟ್ಟಸ್ವಾಮಣ್ಣನವರ ಜಮೀನಿನಲ್ಲಿ ಬಳಪದ ಕಲ್ಲು ತೆಗೆದ ಹಳೆಯ ಗುಂಡಿ ಇದೆಯಲ್ಲ, ಅದರ ಪಕ್ಕದ ನೆಲದ ಹುಳು ಬೇಕು, ಅಲ್ಲಿಗೆ ಹೋಗಲು ಒಪ್ಪಿಗೆ ಕೊಡಿಸುತ್ತೀರಾ ಎಂದು ಕೇಳಿದಳು.

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆ ನೆಲ ನನಗೆ ಗೊತ್ತಿತ್ತು. ಬೂದಿನೀಲಿ ಬಣ್ಣ, ಬೆರಳಲ್ಲಿ ಉಜ್ಜಿದರೆ ಸೋಪಿನ ಪುಡಿಯ ಹಾಗೆ ಜಾರುತ್ತದೆ, ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಮುಳ್ಳುಗಿಡ ಬಿಟ್ಟರೆ ಹುಲ್ಲೂ ಸರಿಯಾಗಿ ಬರುವುದಿಲ್ಲ. ಅಲ್ಲಿ ಹುಳು ಎಲ್ಲಿಂದ ಬರಬೇಕು? ಬದುಕುವಂಥದ್ದನ್ನು ಆರಿಸಿಕೊಂಡು ಓದು ಕಣೇ, ಬೇಗ ಮುಗಿಯುತ್ತೆ, ಬೇಗ ಕೆಲಸ ಸಿಗುತ್ತೆ ಎಂದು ಬುದ್ಧಿ ಹೇಳಿದೆ. ಅವಳು ಚೀಲದಿಂದ ಒಂದು ಸೀಸೆ ತೆಗೆದು ತೋರಿಸಿದಳು. ಸ್ಪಿರಿಟ್ಟಿನಲ್ಲಿ ಒಂದು ಹುಳು, ಹೊಲಿಗೆ ದಾರದಷ್ಟು ಸಣ್ಣದು. ಹಿಂದಿನ ವರ್ಷ ಮಳೆ ಬಿದ್ದ ಮೇಲೆ ಅಲ್ಲೇ ಸಿಕ್ಕಿದ್ದು.

ನಾನು ನಂಬಿಕೆಯ ಮೇಲೆ ವ್ಯಾಪಾರ ಮಾಡುವವಳಲ್ಲ. ಅಲ್ಲಿಂದ ಒಂದು ಬಕೆಟ್ ಮಣ್ಣು ತರಿಸಿ, ಕುಂಡಕ್ಕೆ ತುಂಬಿ, ನೀರು ಚಿಮುಕಿಸಿ, ನನ್ನ ಕೆಂಪು ಹುಳುಗಳನ್ನು ಒಂದು ಬೊಗಸೆ ಬಿಟ್ಟೆ. ಬೆಳಗ್ಗೆ ನೋಡಿದರೆ ಒಂದೂ ಒಳಗಿರಲಿಲ್ಲ. ಕುಂಡದ ಅಂಚು ಹತ್ತಿಕೊಂಡು ಹೋಗಿ ದಾರಿಯಲ್ಲೇ ಒಣಗಿ ಅಂಟಿಕೊಂಡಿದ್ದವು. ಎಸ್ಟೇಟಿನವರು ಕೈ ಮುಗಿದು ಕೊಂಡುಹೋಗುವ ಹುಳು. ಆ ಹುಡುಗಿ ಮುಂದೆ ಮಾನ ಹೋಯಿತು.

ಆಮೇಲೆ ಅವಳು ಕೂತು ಬಿಡಿಸಿ ಹೇಳಿದಳು. ನಾವು ಬಳಪದ ಕಲ್ಲು ಎನ್ನುವುದು ಒಂದು ಕಾಲಕ್ಕೆ ಬೆಂಕಿಬೆಟ್ಟ ಕಕ್ಕಿದ ಕಲ್ಲಂತೆ. ಲೆಕ್ಕಕ್ಕೆ ಸಿಗದಷ್ಟು ಹಳೆಯ ಕಾಲ. ಆರಿ, ಹೂತು, ಅದುಮಿಸಿಕೊಂಡು ಮೆತ್ತಗಾಗಿ ಮೇಲೆ ಬಂದಿದೆ. ಆ ಕಲ್ಲು ಸವೆದು ಆದ ಮಣ್ಣಿನಲ್ಲಿ ಮೆಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ಜಾಸ್ತಿ, ಹೊಟ್ಟೆಗೆ ಆಗುವಂಥದ್ದು ಕಮ್ಮಿ. ಅಲ್ಲಿ ಬದುಕುವ ಹುಳು ಮಣ್ಣಿನ ಜೊತೆ ಆ ಲೋಹವನ್ನೂ ನುಂಗಲೇಬೇಕು. ನುಂಗಿದ್ದನ್ನು ಮೈಯೆಲ್ಲ ಓಡಾಡಲು ಬಿಡುವುದಿಲ್ಲ. ಕರುಳಿನ ಸುತ್ತ ಒಂದು ಹಳದಿ ಪದರ ಇರುತ್ತದಂತೆ, ಅದರೊಳಗೆ ಹಿಡಿದು ಕೂಡಿಹಾಕುತ್ತದೆ. ಸಮುದ್ರದ ನಡುವೆ ಯಾವುದೋ ದ್ವೀಪವಿದೆ, ಅಲ್ಲಿ ಬೆಂಕಿಬೆಟ್ಟ ಇನ್ನೂ ಪೂರ್ತಿ ಆರಿಲ್ಲ, ನೆಲ ಬೆಚ್ಚಗಿದೆ, ಒಳಗಿಂದ ಕೆಟ್ಟ ಗಾಳಿ ಬರುತ್ತದೆ, ಅಲ್ಲೂ ಎರೆಹುಳು ಇವೆ ಎಂದಳು. ಉಸಿರಿಗೆ ಗಾಳಿ ಸಾಲದೆ ಅವುಗಳ ಚರ್ಮವೇ ತೆಳ್ಳಗಾಗಿದೆಯಂತೆ. ಎರೆಹುಳು ಉಸಿರಾಡುವುದು ಚರ್ಮದಲ್ಲಿ ತಾನೇ. ನಮ್ಮ ಕಡೆ ಜನಕ್ಕೆ ಉಲ್ಟಾ, ಚರ್ಮ ದಪ್ಪ, ಏನು ಹೇಳಿದರೂ ಒಳಗೆ ಇಳಿಯುವುದಿಲ್ಲ ಎಂದೆ. ಅವಳು ಮೊದಲ ಸಲ ನಕ್ಕಳು.

ಅವಳಿಗೆ ಬೇಕಾಗಿದ್ದದ್ದು ಮಲಗಿದ ಹುಳು. ಮಳೆಯಲ್ಲಿ ಎದ್ದು ಓಡಾಡುವುದನ್ನು ಯಾರಾದರೂ ಹಿಡಿಯಬಹುದು. ಆ ಕಾದ ನೆಲದಲ್ಲಿ ಬೇಸಿಗೆಯನ್ನು ಹೇಗೆ ಕಳೆಯುತ್ತವೆ ಎಂದು ತೋರಿಸಬೇಕಿತ್ತು. ಅದಕ್ಕೆ ಮೊದಲ ಮಳೆಗೆ ಮುಂಚೆ, ಅವು ಏಳುವ ಮುಂಚೆ, ಆ ನೆಲದಿಂದಲೇ ತೆಗೆಯಬೇಕು. ಹಿಂದಿನ ಬೇಸಿಗೆ ಎಲ್ಲಿ ಅಗೆಯಬೇಕೆಂದು ಗೊತ್ತಾಗದೆ ಕಳೆದುಹೋಗಿತ್ತು. ಈ ಸಲವೂ ಸಿಗದಿದ್ದರೆ ವಿಷಯ ಕೈಬಿಡು ಎಂದು ಅವಳ ಗೈಡು ಹೇಳಿಬಿಟ್ಟಿದ್ದರು. ಅಪ್ಪನಿಗೆ ಆ ವರ್ಷವೇ ರಿಟೈರ್‌ಮೆಂಟ್, ಕ್ವಾರ್ಟರ್ಸ್ ಬಿಡಬೇಕು. ಮತ್ತೆ ಮೊದಲಿಂದ ಶುರು ಮಾಡುವ ಹಾಗಿರಲಿಲ್ಲ. ಯಾವುದಾದರೂ ಸ್ಕೂಲಿಗೆ ಸೇರಿಕೊಳ್ಳುತ್ತೇನೆ ಬಿಡಿ ಎಂದು ಹಗುರವಾಗಿ ಹೇಳಿದಳು. ಹಗುರವಾಗಿ ಹೇಳುವವರ ಮುಖ ನಾನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಸರಿ, ಪುಟ್ಟಸ್ವಾಮಣ್ಣನವರ ಹತ್ತಿರ ನಾನೇ ಹೋದೆ. ವಯಸ್ಸಾದವರು, ಒಳ್ಳೆಯವರು. ಇಡೀ ಊರಿನಲ್ಲಿ ಅವರ ಬಗ್ಗೆ ಕೆಟ್ಟ ಮಾತು ಸಿಗುವುದಿಲ್ಲ. ಇಂಥವರ ಹತ್ತಿರ ವ್ಯವಹಾರ ಮಾಡುವುದು ಬಹಳ ಕಷ್ಟ, ಯಾಕೆಂದರೆ ಅವರು ಯಾವುದನ್ನೂ ಬೇಡ ಎನ್ನುವುದಿಲ್ಲ, ಯಾವುದನ್ನೂ ಪೂರ್ತಿ ಕೇಳಿಸಿಕೊಳ್ಳುವುದೂ ಇಲ್ಲ. ಬೆಂಕಿಬೆಟ್ಟದ ಕಥೆ ಕೇಳಿ, ಅದು ತಿರುಗಾ ಏಳ್ತೈತಾ ಎಂದರು. ಇಲ್ಲ, ಆರಿ ಯಾವುದೋ ಕಾಲವಾಯಿತು ಎಂದೆ. ಹಂಗಾದ್ರೆ ಸರಿ, ಬರ್ಲಿ ಬಿಡು ಎಂದರು. ಗೌತಮಿಗೆ ಎಳನೀರು ಕೊಟ್ಟರು. ಬಿಸಿಲಿನಲ್ಲಿ ಅವಳು ಆ ಬರಡು ನೆಲದಲ್ಲಿ ಮಂಡಿಯೂರಿ ಕೂತು ಅಗೆಯುವುದನ್ನು ನೋಡಿ ಅವರಿಗೆ ಸಂಕಟ. ನನ್ನನ್ನು ಕಂಡಾಗಲೆಲ್ಲ ಅದೇ ಮಾತು.

"ಓದಿರೋ ಹೆಣ್ಮಗು ಕಣಮ್ಮ. ನಮ್ಮ ನೆಲಕ್ಕೆ ಬಂದು ಬರಿಗೈಲಿ ಹೋಗಂಗಾಯ್ತಲ್ಲ. ಎಂಥಾ ನೆಲ ಕೊಟ್ಟೆ ನಾನು ಅದಕ್ಕೆ."

ಅವಳಿಗೆ ಇಂಥ ಕೆಟ್ಟ ನೆಲವೇ ಬೇಕಂತೆ ಎಂದು ಎಷ್ಟು ಸಲ ಹೇಳಿದೆನೋ. ತಲೆ ಆಡಿಸುತ್ತಿದ್ದರು. ಆ ತಲೆ ಆಡಿಸುವುದಕ್ಕೆ ಅರ್ಥವೇ ಇಲ್ಲ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಗೌತಮಿ ಆ ನೆಲವನ್ನೆಲ್ಲ ನೋಡಿ, ಹೋದ ಮಳೆಗಾಲದ ಹುಳುವಿನ ಹಿಕ್ಕೆಗಳು ಒಣಗಿ ಉಳಿದಿದ್ದ ಜಾಗ ಹುಡುಕಿ, ಅಲ್ಲಲ್ಲಿ ಚೌಕ ಮಾಡಿದಳು. ನಾಲ್ಕು ಮೂಲೆಗೆ ಗೂಟ, ಸುತ್ತ ಕೆಂಪು ದಾರ. ಆ ಚೌಕಗಳನ್ನು ಆಳಕ್ಕೆ ತೋಡಬೇಕು. ಅಷ್ಟರಲ್ಲಿ ಗೈಡು ಕರೆದರು ಎಂದು ಹೊರಟಳು. ಡಬ್ಬಿ, ಔಷಧಿ ಎಲ್ಲ ತೆಗೆದುಕೊಂಡು ವಾರದೊಳಗೆ ಬರುತ್ತೇನೆ, ಅಲ್ಲಿ ಯಾರೂ ಕಾಲಿಡದ ಹಾಗೆ ನೋಡಿಕೊಳ್ಳಿ ಅಕ್ಕ ಎಂದಳು. ಆ ವರ್ಷ ಅಶ್ವಿನಿ, ಭರಣಿ ಮಳೆ ಎರಡೂ ಕೈಕೊಟ್ಟಿದ್ದವು. ಆಕಾಶ ಬೋಳಾಗಿತ್ತು. ಊರಿಗೆಲ್ಲ ಅದು ಸಂಕಟ, ಅವಳಿಗೆ ಒಬ್ಬಳಿಗೇ ಅನುಕೂಲ. ಇದನ್ನು ಯಾರ ಹತ್ತಿರವೂ ಹೇಳಬೇಡ ಎಂದು ಬುದ್ಧಿ ಹೇಳಿ ಬಸ್ ಹತ್ತಿಸಿದೆ. ಪುಟ್ಟಸ್ವಾಮಣ್ಣನವರಿಗೂ ಹೇಳಿದೆ, ಅಲ್ಲಿಗೆ ಯಾರೂ ಕಾಲಿಡಬಾರದು ಎಂದು. ತಲೆ ಆಡಿಸಿದರು.

ಕೆರೆ ಒಣಗಿತ್ತಲ್ಲ, ಊರಿನಲ್ಲಿ ಗೋಡು ತುಂಬಿ ಹೊಲಕ್ಕೆ ಹೊಡೆಯುವುದು ಶುರುವಾಯಿತು. ನಮ್ಮ ಕಡೆ ಅದೊಂದು ದೊಡ್ಡ ಸಂಭ್ರಮ. ಯಾರ ಟ್ರ್ಯಾಕ್ಟರ್ ಯಾರ ಹೊಲಕ್ಕೆ ಮೊದಲು ಎಂದು ಜಗಳ, ಕೆರೆಯಂಗಳದಲ್ಲಿ ಧೂಳು, ಜಾತ್ರೆಯಷ್ಟು ಜನ. ಹೊಲದ ಯಜಮಾನ ಮೊದಲೇ ಹೋಗಿ, ಒಂದೊಂದು ಲೋಡು ಎಲ್ಲೆಲ್ಲಿ ಬೀಳಬೇಕೋ ಅಲ್ಲೆಲ್ಲ ಗೂಟ ನೆಟ್ಟಿರುತ್ತಾನೆ. ಡ್ರೈವರ್ ಯಾರನ್ನೂ ಕೇಳಬೇಕಾಗಿಲ್ಲ, ಗೂಟ ಕಂಡ ಕಡೆ ಸುರಿದು ಹೋಗುತ್ತಾನೆ.

ಈಗ ನಿಮಗೆ ಅರ್ಥವಾಗಿರಬೇಕು. ನನಗೆ ಅರ್ಥವಾದದ್ದು ವಾಪಸ್ ಬಂದ ಗೌತಮಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗಿ ಆ ಗುಂಡಿಯ ಅಂಚಿನಲ್ಲಿ ನಿಂತ ಮೇಲೆ. ಬೂದಿನೀಲಿ ನೆಲದ ಮೇಲೆ ಸಾಲಾಗಿ ಕಪ್ಪು ಗುಡ್ಡೆಗಳು. ಪ್ರತಿ ಚೌಕಕ್ಕೂ ಒಂದೊಂದು ಲೋಡು, ಅಚ್ಚುಕಟ್ಟಾಗಿ ನಡುಮಧ್ಯೆ. ಗುಡ್ಡೆಗಳ ಬುಡದಲ್ಲಿ ಅಲ್ಲಲ್ಲಿ ಕೆಂಪು ದಾರದ ತುದಿ ಕಾಣುತ್ತಿತ್ತು. ಎಲ್ಲಿಯೂ ಇಷ್ಟು ಶಿಸ್ತಾಗಿ ಗೋಡು ಹಾಕಿದ್ದನ್ನು ನಾನು ನೋಡಿಲ್ಲ. ಸಾಲದೆಂದು ಗುಡ್ಡೆಗಳನ್ನು ಸಲಿಕೆಯಲ್ಲಿ ಎಳೆದು ಹರಡುವುದಕ್ಕೂ ಶುರು ಮಾಡಿದ್ದರು. ಮೇಲೆ ನೀರು ಬೇರೆ ಚಿಮುಕಿಸಿದ್ದರು. ಪುಟ್ಟಸ್ವಾಮಣ್ಣನವರು ಬೇವಿನ ಮರದ ಕೆಳಗಿಂದ ಎದ್ದು ನಗುತ್ತಾ ಬಂದರು. ತಮ್ಮ ಬೆಳೆಯ ಹೊಲಕ್ಕೆ ಬರಬೇಕಿದ್ದ ಲೋಡುಗಳನ್ನು ಇಲ್ಲಿಗೆ ತಿರುಗಿಸಿದ್ದರು, ಪುಣ್ಯಾತ್ಮ.

ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ. ಯಾರೂ ಕಾಲಿಡಬಾರದು ಅಂತ ಹೇಳಿದ್ದೆನೋ ಇಲ್ಲವೋ ಎಂದೆ.

"ಯಾರೂ ಕಾಲಿಟ್ಟಿಲ್ವಲ್ಲಮ್ಮ. ಟ್ರೇಲರ್ ಹಿಂದಕ್ಕೆ ಬಿಟ್ಟು ಎತ್ತಿದ್ದು ಅಷ್ಟೇಯ. ಗೂಟ ನೆಟ್ಟು ಗುರುತು ಮಾಡಿದ್ದು ಆ ಮಗೂನೇ. ಬಾಯ್ಬಿಟ್ಟು ಕೇಳಕ್ಕೆ ನಾಚ್ಕೊಂಡೈತೆ, ನಾವೇ ಅರ್ಥ ಮಾಡ್ಕಬೇಕು ಅಂತ..."

ಗೌತಮಿ ಅಳಲಿಲ್ಲ. ಕೂತು ಒಂದು ಹೆಂಟೆ ಗೋಡು ಒಡೆದಳು. ಅದರೊಳಗಿಂದ ಬೆರಳು ದಪ್ಪದ ಕೆರೆ ಹುಳು ಒಂದು ಹೊರಳಿಕೊಂಡು ಆಚೆ ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಗೋಡನ್ನು ಕೆರೆದು ತೆಗೆಸುತ್ತೇನೆ, ನನ್ನ ನರ್ಸರಿಗೇ ಹೊಡೆಸಿಕೊಳ್ಳುತ್ತೇನೆ ಎಂದೆ. ಪ್ರಯೋಜನವಿಲ್ಲ ಅಕ್ಕ, ತೇವ ಇಳಿದಿದೆ, ಕೆಳಗಿನವು ಎದ್ದಿರುತ್ತವೆ, ಬೇರೆ ಹುಳು ಬೇರೆ ಸೇರಿಕೊಂಡಿವೆ, ಇನ್ನು ಇಲ್ಲಿ ಏನು ಸಿಕ್ಕರೂ ಈ ನೆಲದ್ದೇ ಅಂತ ನಾನು ಬರೆಯೋ ಹಾಗಿಲ್ಲ ಎಂದಳು. ಪುಟ್ಟಸ್ವಾಮಣ್ಣನವರ ಮುಖ ಸಣ್ಣದಾಯಿತು. ಹೊಲಕ್ಕೆ ಗೋಡು ಹಾಕಿದ್ದಕ್ಕೆ ಬೈಸಿಕೊಂಡ ಮೊದಲ ಮನುಷ್ಯ ಅವರೇ ಇರಬೇಕು.

ಹುಳು ಇರಬಹುದಾದ ಜಾಗಗಳಲ್ಲಿ ಒಂದು ಮಾತ್ರ ಉಳಿದಿತ್ತು. ಗುಂಡಿಯ ಪಡುವಲ ಮೂಲೆಯಲ್ಲಿ ಒಡೆದ ವಿಗ್ರಹಗಳ ಒಂದು ರಾಶಿ. ಹಳೇಬೀಡಿನಲ್ಲಿ ಕಲ್ಲಿನ ಕೆಲಸ ಮಾಡುವ ರುದ್ರಾಚಾರ್ರು ಕೆತ್ತುವಾಗ ಕೆಟ್ಟದ್ದನ್ನು ತಂದು ಅಲ್ಲಿ ಹಾಕುತ್ತಿದ್ದರು. ಅದರ ಮೇಲೆ ಗೋಡು ಸುರಿಯಲು ಯಾವ ಡ್ರೈವರಿಗೂ ಕೈ ಬಂದಿಲ್ಲ. ದೇವರ ಮೈಮೇಲೆ ಕೆರೆ ಕೆಸರು ಯಾರು ಹಾಕುತ್ತಾರೆ? ದನವೂ ಮೇಯದ, ಯಾರೂ ಕೆದಕದ ಜಾಗ. ಗೌತಮಿ ಅದನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆದರೆ ಅಗೆಯಬೇಕಾದರೆ ಕಲ್ಲುಗಳನ್ನು ಸರಿಸಬೇಕು. ಭಿನ್ನವಾದ ದೇವರನ್ನ ಮುಟ್ಟೋದು ಬೇಡ ಎಂದರು ಪುಟ್ಟಸ್ವಾಮಣ್ಣ. ಮೊದಲ ಸಲ ಅವರು ಯಾವುದನ್ನೋ ಬೇಡ ಎಂದದ್ದು, ಅದೂ ಬೇಡದ ಹೊತ್ತಿನಲ್ಲಿ.

ನನ್ನ ದಾರಿ ನೇರ. ಅವರು ಊಟಕ್ಕೆ ಹೋದಾಗ ಇಬ್ಬರು ಕೂಲಿಯವರನ್ನು ಕರೆಸಿ ಸರಿಸಿಬಿಡೋಣ, ಆಮೇಲೆ ಇಟ್ಟುಬಿಡೋಣ ಎಂದೆ. ಗೌತಮಿ ಒಪ್ಪಲಿಲ್ಲ. ನಿನಗೇನು ಅವು ದೇವರೇ ಅಲ್ಲವಲ್ಲ ಎಂದು ಕೇಳಿಯೂಬಿಟ್ಟೆ.

"ನಮ್ಮನೇಲಿ ಬುದ್ಧನ ಫೋಟೋ ಬಿಟ್ರೆ ಬೇರೆ ಇಲ್ಲ ಅಕ್ಕ. ಅದಕ್ಕೇ ನಾನು ಎತ್ತಿಸಲ್ಲ. ನಾಳೆ ಊರಲ್ಲಿ ಇಂಥವಳು ಬಂದು ದೇವರನ್ನ ಎತ್ತಿ ಎಸೆದಳು ಅಂತಾರೆ. ಅವರಾಗಿ ಎತ್ತಿಕೊಟ್ರೆ ಅಗೀತೀನಿ. ಇಲ್ದಿದ್ರೆ ಬೇಡ."

ಅವಳ ಇಡೀ ಓದು ಆ ಕಲ್ಲುಗಳ ಕೆಳಗೆ ಇದೆ, ಅವಳು ನ್ಯಾಯ ಮಾತಾಡುತ್ತಿದ್ದಾಳೆ. ಒಂದು ಕಡೆ ಒಳ್ಳೆಯತನದ ಮುದುಕ, ಇನ್ನೊಂದು ಕಡೆ ಮರ್ಯಾದೆಯ ಹುಡುಗಿ. ನಡುವೆ ಸಿಕ್ಕಿಕೊಂಡ ನನಗೆ ಎರಡು ಕಡೆಯೂ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಊರಿನ ಬಾಯಿ ನನಗೂ ಗೊತ್ತಿತ್ತು.

ಅಷ್ಟು ಹೊತ್ತಿಗೆ ರೋಹಿಣಿ ಹುಟ್ಟಿ, ಮಧ್ಯಾಹ್ನವಾದರೆ ಪಡುವಲಿಂದ ಮೋಡ ಬಂದು ನಿಲ್ಲುತ್ತಿತ್ತು. ಗಾಳಿ ತೂರಿಕೊಂಡು ಹೋಗುತ್ತಿದ್ದರಿಂದ ಮಳೆಯಾಗುತ್ತಿರಲಿಲ್ಲ. ಇಡೀ ಊರು ಮೋಡ ನೋಡಿ ಕೈ ಮುಗಿದರೆ ನಾನು ಹಲ್ಲು ಕಚ್ಚುತ್ತಿದ್ದೆ. ಪುಟ್ಟಸ್ವಾಮಣ್ಣನವರನ್ನು ಮತ್ತೆ ಹಿಡಿದೆ. ಕೊನೆಗೆ ಕೆತ್ತಿ ಕಣ್ಣು ಬಿಡಿಸದ ಹೊರತು ವಿಗ್ರಹ ಬರೀ ಕಲ್ಲು, ಇದು ಕೆಲಸ ಮುಗಿಯುವ ಮೊದಲೇ ಕೆಟ್ಟದ್ದು, ಕಣ್ಣು ಎಲ್ಲಿಂದ ಬಂತು ಎಂದು ವಾದ ಮಾಡಿದೆ. ಅವರು ಯೋಚಿಸಿ, ಅದನ್ನ ಮಾಡಿದೋರು ಹೇಳ್ಬೇಕು, ನೀನೂ ನಾನೂ ಹೇಳಂಗಿಲ್ಲ ಎಂದರು. ಸರಿ, ರುದ್ರಾಚಾರ್ರ ಹತ್ತಿರ ಹೋದೆ.

ರುದ್ರಾಚಾರ್ರು ದೇವಸ್ಥಾನದ ರಸ್ತೆಯಲ್ಲಿ ತಗಡಿನ ಅಂಗಡಿಯಲ್ಲಿ ಕೂತು ಅಂಗೈಯಗಲದ ಆನೆಗೆ ಅರ ಹಾಕುತ್ತಿದ್ದರು. ಮೈಯೆಲ್ಲ ಬಿಳಿ ಪುಡಿ. ವಿಷಯ ಹೇಳಿದೆ. ಎತ್ತಬೇಡಿ ಅಂತ ನಾನು ಹೇಳಲ್ಲ ಎಂದರು. ಹಾಗಾದರೆ ಎತ್ತಬಹುದಾ ಎಂದೆ. ಎತ್ತಿ ಅಂತಲೂ ಹೇಳಲ್ಲ ಎಂದರು. ಕಣ್ಣು ಬಿಡಿಸಿದ್ದೀರಾ ಎಂದೆ. ಮಾಡಿ ಬಾಳ ಕಾಲ ಆಯ್ತು ಎಂದರು. ಅರ ಹಾಕುವ ಕೈ ನಿಲ್ಲಿಸಲಿಲ್ಲ. ಇಂಥ ಮಾತಿಗೆ ಕೂತರೆ ಸೂರ್ಯ ಮುಳುಗುತ್ತದೆ. ಆದರೆ ಚೌಕಾಸಿಯಲ್ಲಿ ನಾನು ಕಲಿತದ್ದು ಒಂದಿದೆ, ನಿಮಗೂ ಉಪಯೋಗವಾಗುತ್ತದೆ: ಎದುರಿನವರು ಬೇಡ ಎನ್ನುವಾಗ ಅದನ್ನು ಕೇಳಿಸಿಕೊಳ್ಳಬೇಡಿ, ಅವರು ಏನು ಪ್ರಶ್ನೆ ಕೇಳುತ್ತಾರೆ ಅದನ್ನು ಕೇಳಿಸಿಕೊಳ್ಳಿ. ರುದ್ರಾಚಾರ್ರು ಮಾತಿನ ನಡುವೆ ತಿರುಗಿ ತಿರುಗಿ ಒಂದೇ ವಿಚಾರಿಸುತ್ತಿದ್ದರು. ಅಲ್ಲೇ ಮಗ್ಗುಲಿಗೆ ಜರುಗಿಸ್ತೀರೋ, ಇಲ್ಲ ಮಗುಚಿ ಹಾಕ್ತೀರೋ?

ಆಗ ಹೊಳೆಯಿತು. ರಾಶಿಯಲ್ಲಿದ್ದ ಕಲ್ಲುಗಳೆಲ್ಲ ಬೋರಲಾಗಿ ಮಲಗಿದ್ದವು. ಒಂದರ ಮುಖವೂ ಕಾಣುತ್ತಿರಲಿಲ್ಲ. ಈ ಮನುಷ್ಯನಿಗೆ ದೇವರ ಚಿಂತೆಯಲ್ಲ, ತಮ್ಮ ಕೈ ಎಲ್ಲಿ ಸೋತಿತು ಎಂದು ನೋಡುವವರ ಚಿಂತೆ. ಆಳೆತ್ತರದ ಒಂದು ಸರಸ್ವತಿಯನ್ನು ಯಾರೋ ಹೇಳಿ ಮಾಡಿಸಿದ್ದರು, ವೀಣೆಯ ಬೆರಳಿಗೆ ಬರುವ ಹೊತ್ತಿಗೆ ಕಲ್ಲಿನ ಸೀಳು ಬಾಯ್ಬಿಟ್ಟಿತು ಎಂದು ಊರಿನಲ್ಲಿ ಕೇಳಿದ್ದೆ. ಕಲ್ಲಿನದ್ದೇ ತಪ್ಪು ಎಂದು ಅವರು ಹೇಳುತ್ತಾರೆ, ಕೈಯದ್ದು ಎಂದು ಬೇರೆಯವರು.

ಬೋರಲಾಗೇ ಎತ್ತಿ ಬೋರಲಾಗೇ ಇಡುತ್ತೇವೆ, ಮೇಲೆ ಗೋಣಿಚೀಲ ಹೊದಿಸುತ್ತೇವೆ, ನೀವೇ ಬಂದು ನಿಂತು ನೋಡಿ ಎಂದೆ. ಅರ ನಿಂತಿತು.

"ಆ ಓದೋ ಹುಡುಗಿ ನೋಡಿದ್ರೆ ನೋಡ್ಲಿ, ಪುಟ್ಟಸ್ವಾಮಣ್ಣ ನೋಡಿದ್ರೂ ನೋಡ್ಲಿ. ನೀನು ನೋಡಂಗಿಲ್ಲ ಜಯಮ್ಮ. ನಿನ್ನ ಕಣ್ಣಿಗೆ ಬಿದ್ರೆ ಅರಸೀಕೆರೆ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಾಗ್ತೈತೆ."

ಇಷ್ಟೆಲ್ಲ ಓಡಾಡಿದವಳು ನಾನು, ಇಡೀ ವ್ಯವಹಾರ ಕುದುರಿಸಿದವಳು ನಾನು, ನನಗೇ ಈ ಮಾತು. ಒಪ್ಪಿಕೊಂಡೆ. ಏನು ಮಾಡುವುದು, ಎದುರಿನವನಿಗೆ ಒಂದು ಗೆಲುವು ಬಿಟ್ಟುಕೊಡದಿದ್ದರೆ ವ್ಯಾಪಾರ ಮುಗಿಯುವುದಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ಮೋಡ. ರುದ್ರಾಚಾರ್ರು ಬಂದು ಪುಟ್ಟಸ್ವಾಮಣ್ಣನವರಿಗೆ, ಕಣ್ಣು ಬಿಡಿಸಿಲ್ಲ ಯಜಮಾನ್ರೆ, ಕಲ್ಲೇಯ ಎಂದು ನೆಲ ನೋಡಿಕೊಂಡು ಹೇಳಿದರು. ಪುಟ್ಟಸ್ವಾಮಣ್ಣನವರು ಆದರೂ ಒಂದೊಂದಕ್ಕೂ ಕೈ ಮುಗಿದು, ಇಬ್ಬರು ಆಳುಗಳ ಜೊತೆ ತಾವೂ ಹೆಗಲು ಕೊಟ್ಟು ಎತ್ತಿದರು. ಆ ವಯಸ್ಸಿನಲ್ಲಿ ಬೇಡ ಎಂದರೂ ಕೇಳಲಿಲ್ಲ. ಎತ್ತಿದ್ದೆಲ್ಲ ನನಗೆ ಗೊತ್ತಾದದ್ದು ಸದ್ದಿನಿಂದ, ಆಮೇಲೆ ಆಳುಗಳ ಬಾಯಿಂದ. ನಾನು ಗುಂಡಿಗೆ ಮುಖ ಮಾಡಿಕೊಂಡು, ಶಾಲೆಯಲ್ಲಿ ಹೊರಗೆ ನಿಲ್ಲಿಸಿದವಳ ಹಾಗೆ ಬೆನ್ನು ಹಾಕಿ ನಿಂತಿದ್ದೆ. ಹಿಂದೆ ತಿರುಗದೆಯೇ ಹುಷಾರು, ಕಾಲು ನೋಡಿಕೊಳ್ಳಿ, ಹಗ್ಗ ಈ ಕಡೆಯಿಂದ ಹಾಕಿ ಎನ್ನುತ್ತಿದ್ದೆ. ನೀನು ಸುಮ್ನಿರಮ್ಮ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು.

ತಿರುಗಬಹುದು ಎಂದಾಗ ಕಲ್ಲುಗಳೆಲ್ಲ ಚೀಲದ ಕೆಳಗೆ ಸೇರಿದ್ದವು. ಗೌತಮಿ ಮೊಣಕಾಲೂರಿ ಅಗೆಯಲು ಶುರು ಮಾಡಿದ್ದಳು. ಮೇಲಿನ ಪದರ ಪುಡಿಪುಡಿ, ಅದರ ಕೆಳಗೆ ಹಾರೆ ಹಾಕಿದರೆ ಠಣ್ ಎನ್ನುವಷ್ಟು ಗಟ್ಟಿ. ಒಂದು ಮೊಳ ಹೋದರೂ ಏನೂ ಇಲ್ಲ. ಕಲ್ಲಿನ ಬುಡಕ್ಕೆ ತಂಪಿರುತ್ತೆ, ಅಲ್ಲಿ ತೋಡು ಎಂದೆ. ತೋಡಿದಳು. ಇಲ್ಲ. ಹಾಗಾದರೆ ಬೇರಿನ ಹತ್ತಿರ ಎಂದೆ. ಅಲ್ಲೂ ಇಲ್ಲ. ಮೂರನೆಯ ಸಲ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆ ಎತ್ತದೆ ಕೈ ಅಡ್ಡ ಹಿಡಿದಳು. ದೂರದಲ್ಲಿ ಬೇಲೂರಿನ ಕಡೆ ಆಕಾಶ ಗುಡುಗಿತು. ಪುಟ್ಟಸ್ವಾಮಣ್ಣ ಮೋಡ ನೋಡಿದರು, ಹುಡುಗಿಯನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ಇರಬೇಕು, ಈಗಲೇ ಬರ್ಬೇಡಪ್ಪಾ ಎಂದು ಮಳೆಗೆ ಹೇಳಿದ್ದು.

ಇನ್ನೂ ಆಳದಲ್ಲಿ ಅವಳು ಒಂದು ಹೆಂಟೆಯನ್ನು ಕಿತ್ತು, ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಿರಿಸಿದಳು. ಒಳಗೆ ಬಟಾಣಿ ಕಾಳಿನಷ್ಟು ಒಂದು ಗೂಡು. ಗೋಡೆ ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಅದರ ನಡುವೆ ಒಂದು ಹುಳು ತನ್ನನ್ನು ತಾನೇ ಗಂಟು ಹಾಕಿಕೊಂಡು ಮಲಗಿತ್ತು, ಸೂಜಿ ದಾರದ ತುದಿಗೆ ಹಾಕುವ ಗಂಟಿನ ಹಾಗೆ. ಅಲುಗಾಟವೇ ಇಲ್ಲ. ಸತ್ತಿದೆಯಾ ಎಂದೆ. ಇಲ್ಲ ಎಂದು ಅವಳು ಪಿಸುಗುಟ್ಟಿದಳು. ಹೊಟ್ಟೆಯಲ್ಲಿದ್ದ ಮಣ್ಣನ್ನೆಲ್ಲ ಹೊರಗೆ ಹಾಕಿ, ಮೈಯ ಲೋಳೆಯಿಂದಲೇ ಗೋಡೆ ಸವರಿಕೊಂಡು, ಉಸಿರು ಕಮ್ಮಿ ಮಾಡಿಕೊಂಡು ಮಲಗಿದೆ, ಹೊರಗಿನ ಬಿಸಿ ಒಳಗೆ ಹೋಗಲ್ಲ, ಒಳಗಿನ ತೇವ ಹೊರಗೆ ಬರಲ್ಲ ಎಂದಳು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ರುದ್ರಾಚಾರ್ರು ಕನ್ನಡಕ ಏರಿಸಿಕೊಂಡು ಆ ಗೂಡಿನ ಗೋಡೆಯನ್ನೇ ನೋಡುತ್ತಾ, ಎಂಥಾ ಪಾಲೀಸು ಎಂದರು.

ಅಷ್ಟರಲ್ಲಿ ಪುಟ್ಟಸ್ವಾಮಣ್ಣನವರ ಕೈ ಮೆಲ್ಲಗೆ ಪಕ್ಕದ ಗುಡ್ಡೆಯ ಕಡೆ ಹೋಗಿ ಒಂದು ಚಿಟಿಕೆ ಗೋಡು ತೆಗೆದುಕೊಂಡಿತು. ಪಾಪ, ಹಸಿದಿರ್ತೈತೆ ಎಂದು ಅದರ ಮೇಲೆ ಉದುರಿಸಲು ಬಂದರು. ನಾನು ಮಣಿಕಟ್ಟು ಹಿಡಿದುಕೊಂಡೆ. ಗೌತಮಿ ಡಬ್ಬಿಗಳನ್ನು ತುಂಬಿ ಮುಚ್ಚಳ ಹಾಕಿ, ತೋಡಿದ್ದನ್ನು ಮುಚ್ಚಿಸಿ, ಕಲ್ಲುಗಳನ್ನು ಬೋರಲಾಗಿ ಇಡಿಸುವವರೆಗೂ ನಾನು ಆ ಕೈ ಬಿಡಲಿಲ್ಲ. ಆ ಹೊತ್ತಿಗೆ ಮೊದಲ ಹನಿಗಳು ನನ್ನ ಬೆನ್ನಿಗೆ ಬಿದ್ದವು. ಆಮೇಲೆ ಬಂದ ಮಳೆಗೆ ಮೊಪೆಡ್ ಸ್ಟಾರ್ಟ್ ಆಗದೆ ಊರವರೆಗೂ ತಳ್ಳಿಕೊಂಡು ಹೋದೆ. ಗೌತಮಿ ಡಬ್ಬಿಗಳ ಚೀಲವನ್ನು ಟೋಪಿಯಿಂದ ಮುಚ್ಚಿಕೊಂಡು, ತಲೆ ನೆನೆಸಿಕೊಂಡು ಹಿಂದೆ ಬಂದಳು. ಚೀಲ ಗಾಡಿಯ ಮೇಲೆ ಇಡೇ ಎಂದರೆ ಕೇಳಲಿಲ್ಲ.

ಅವಳ ಪಿಎಚ್‌ಡಿ ಆಯಿತು. ಅಪ್ಪ ಕ್ವಾರ್ಟರ್ಸ್ ಬಿಡುವ ಮುಂಚೆ ಆಗಲಿಲ್ಲ, ಆದರೆ ಆಯಿತು. ಈಗ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಫೋನ್ ಮಾಡಿದಾಗ ನಾನು ಕೊಡುವ ಬುದ್ಧಿಮಾತನ್ನು ಪೂರ್ತಿ ಕೇಳಿಸಿಕೊಂಡು ತನಗೆ ತೋಚಿದ್ದನ್ನೇ ಮಾಡುತ್ತಾಳೆ.

ಅದರ ಮುಂದಿನ ಬೇಸಿಗೆ ಮತ್ತೆ ಕೆರೆ ಒಣಗಿತು, ಮತ್ತೆ ಗೋಡು ಹೊಡೆದರು. ನನಗೂ ಒಂದಿಷ್ಟು ಬೇಕಿತ್ತು ಎಂದು ಹೋದವಳು ಪುಟ್ಟಸ್ವಾಮಣ್ಣನವರ ಜಮೀನಿನ ಹತ್ತಿರ ನಿಂತೆ. ಹೋದ ವರ್ಷ ಗೋಡು ಬಿದ್ದ ಕಡೆಯೆಲ್ಲ ಹಸಿರಾಗಿ ಹುಲ್ಲು ಬಂದು ಒಣಗಿತ್ತು. ಒಂದಷ್ಟು ತೆಂಗಿನ ಸಸಿಯನ್ನೂ ಇಟ್ಟಿದ್ದರು, ನನ್ನ ನರ್ಸರಿಯವೇ. ಪಡುವಲ ಮೂಲೆ ಮಾತ್ರ ಬೋಳು. ಅದರ ಸುತ್ತ ಮುಳ್ಳಿನ ಬೇಲಿ. ಒಂದೂ ಗೂಟ ಇಲ್ಲ. ಟ್ರ್ಯಾಕ್ಟರ್‌ಗಳು ಬಳಸಿಕೊಂಡು ಹೋಗುತ್ತಿದ್ದವು.

ಆ ಹುಡುಗಿ ಕೆಲಸ ಮುಗೀತಣ್ಣ, ಅವಳು ಇನ್ನು ಬರಲ್ಲ, ಈಗ ಹಾಕಿಸಿ, ಆ ಮೂಲೆಗೂ ಸಸಿ ಕೊಡ್ತೀನಿ ಎಂದೆ. ತಲೆ ಆಡಿಸಿದರು. ಮತ್ತೆ ಹೇಳಿದೆ. ಆಚಾರ್ರನ್ನ ನಾನು ಒಪ್ಪಿಸ್ತೀನಿ, ಆ ಕಲ್ಲುಗಳನ್ನ ಗುಂಡಿಗೆ ಇಳಿಸಿದರಾಯ್ತು, ನೆಲ ಸುಮ್ಮನೆ ಯಾಕೆ ಹಾಳು ಬಿಡೋದು ಎಂದೆ. ಅದಕ್ಕೂ ತಲೆ ಆಡಿಸಿ, ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು.

"ಬ್ಯಾಡ ಬಿಡಮ್ಮ. ಮಲಗವೆ."